ಕುದುರೆ ಇಲ್ಲದ ಪಿಟೀಲು

ಅಕ್ಕನ ಮಗನಿಗೆ ಮದುವೆ ಗೊತ್ತಾಗಿದೆ. ಹುಡುಗ ಹುಡುಗಿ ಗೋವಾಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬಂದಿದ್ದಾರೆ. ಪ್ರೀ-ವೆಡ್ಡಿಂಗ್ ಶೂಟ್, ವಿಂಟೇಜ್ ಥೀಮ್ ಅಂತೆ. ಮನೆಯವರ ವಾಟ್ಸ್ಯಾಪ್ ಗುಂಪಿಗೆ ಫೋಟೋಗಳು ಬಂದು ಬಿದ್ದವು. ಹಿಂದೆಯೇ ಹೂವು, ಹೃದಯ, ಚಪ್ಪಾಳೆ. ನಾನು ಒಂದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಪಣಜಿಯ ಫೊಂಟೇನ್ಹಾಸ್. ಫೋಟೋದವರ ಕಾಟ ತಾಳಲಾರದೆ ಅಲ್ಲಿನವರು ಗೋಡೆಗೆ ಬೋರ್ಡು ಹಾಕಿಕೊಂಡಿರುವ ಕೇರಿ ಅದು. ಬಣ್ಣವನ್ನೆಲ್ಲ ಕಂದು ಮಾಡಿ ಇಬ್ಬರನ್ನೂ ನೂರು ವರ್ಷ ಹಿಂದಕ್ಕೆ ತಳ್ಳಿದ್ದಾರೆ. ಹುಡುಗ ಭುಜದ ಮೇಲೆ ಪಟ್ಟಿ ಇರುವ ಪ್ಯಾಂಟು ಹಾಕಿಕೊಂಡು ಪಿಟೀಲು ನುಡಿಸುತ್ತಿದ್ದಾನೆ. ಹುಡುಗಿ ಕಣ್ಣು ಮುಚ್ಚಿ ಮೈಮರೆತಿದ್ದಾಳೆ.

ಪಿಟೀಲಿಗೆ ಕುದುರೆಯೇ ಇಲ್ಲ, ಅದೇ, ತಂತಿಗಳನ್ನು ಎತ್ತಿ ಹಿಡಿಯುವ ಆ ಪುಟ್ಟ ಮರದ ತುಂಡು. ತಂತಿಗಳು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬಿದ್ದಿವೆ. ಕಮಾನು ಹೋಗಿ ಎಡಗೈ ಬೆರಳುಗಳ ಪಕ್ಕದಲ್ಲೇ ಕೂತಿದೆ. ಆ ಹುಡುಗಿ ಏನು ಕೇಳಿ ಮೈಮರೆತಳೋ ದೇವರೇ ಬಲ್ಲ.

ಕುದುರೆಯನ್ನು ಯಾರೂ ಅಂಟು ಹಾಕಿ ಕೂರಿಸಿರುವುದಿಲ್ಲ. ತಂತಿಯ ಬಿಗಿಯಲ್ಲೇ ಅದು ನಿಂತಿರಬೇಕು. ಬಿರಡೆ ಸಡಿಲವಾದರೆ ಬೀಳುತ್ತದೆ, ಸರಿ. ಎತ್ತಿ ನಿಲ್ಲಿಸಬಹುದಲ್ಲ? ಹುಡುಗಿಯ ಮುಂಗುರುಳು ಸರಿಮಾಡಲು ಅರ್ಧ ಗಂಟೆ ಕಳೆಯುವ ಫೋಟೋಗ್ರಾಫರನಿಗೆ ಇದಕ್ಕೆ ಐದು ನಿಮಿಷ ಇರಲಿಲ್ಲವಾ? ಅಕ್ಕನ ಮಗನಿಗೆ ಫೋನು ಮಾಡಿ ಹೇಳಿದೆ. "ಅಯ್ಯೋ ಮಾವ, ಅದನ್ನೆಲ್ಲ ಯಾರು ನೋಡ್ತಾರೆ?" ಅಂದ. ನಾನು ನೋಡಿದೆನಲ್ಲಪ್ಪಾ.

ನನಗೆ ಪಿಟೀಲು ಬರುವುದಿಲ್ಲ. ಬರುವುದು ನಮ್ಮವಳಿಗೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಾಳೆ. ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಮೇಲೆ ಊರಿ ನುಡಿಸುವ ಪದ್ಧತಿ. ಸಂಜೆ ಹಜಾರದಲ್ಲಿ ಸರಳೆ, ಜಂಟಿ ಎಂಬ ಮೊದಲ ಪಾಠಗಳು. ನಾನು ಅಡುಗೆಮನೆಯಲ್ಲಿ. ಹೀಗೆ ಕಿವಿಗೆ ಬಿದ್ದು ಬಿದ್ದು ನನಗೆ ಸ್ವಲ್ಪ ತಿಳಿವಳಿಕೆ, ಅದಕ್ಕಿಂತ ಜಾಸ್ತಿ ಸಿಟ್ಟು ಬಂದಿದೆ. ಅವಳಿಗೆ ಸಿಟ್ಟು ಬರುವುದಿಲ್ಲ. ಫೋಟೋ ತೋರಿಸಿದರೆ "ಹುಡುಗಿ ಲಕ್ಷಣವಾಗಿದ್ದಾಳೆ ಅಲ್ವಾ" ಅಂದಳು.

ಸಿನಿಮಾ ನೋಡುವಾಗಲಂತೂ ನನ್ನ ಪಕ್ಕ ಕೂರಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಚೆಂಬೂರಿನಲ್ಲಿದ್ದ ಆರ್.ಕೆ. ಸ್ಟುಡಿಯೋದ ಗುರುತು ನಿಮಗೆ ಗೊತ್ತಲ್ಲ? 1949ರ ಬರ್ಸಾತ್‌ನಿಂದ ಬಂದದ್ದು. ರಾಜ್ ಕಪೂರನ ಒಂದು ತೋಳಿನಲ್ಲಿ ನಾಯಕಿ, ಇನ್ನೊಂದು ಕೈಯಲ್ಲಿ ಪಿಟೀಲು. ಎರಡೂ ಕೈ ಭರ್ತಿ. ಇನ್ನು ನುಡಿಸುವುದು ಯಾವಾಗ? ಆದರೂ ಅದನ್ನು ನಾನು ಕ್ಷಮಿಸುತ್ತೇನೆ, ಯಾಕೆಂದರೆ ಅಲ್ಲಿ ನುಡಿಸುವ ನಾಟಕ ಇಲ್ಲ. 2000ದಲ್ಲಿ ಮೊಹಬ್ಬತೇಂ ಬಂತು. ಶಾರುಖ್ ಹೆಗಲಿಗೆ ಸ್ವೆಟರು, ಗಲ್ಲದ ಕೆಳಗೆ ಪಿಟೀಲು. ಆಗ ನಮ್ಮ ಮನೆಗೆ ಕಲಿಯಲು ಬಂದ ಕಾಲೇಜು ಹುಡುಗರೆಷ್ಟು! ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು ಎಂದ ಕೂಡಲೇ ಅಷ್ಟೂ ಜನ ವಾಪಸ್.

ಹಾಲಿವುಡ್ಡಿನವರು ಈ ವಿಷಯದಲ್ಲಿ ಒಂದಿಷ್ಟು ಕಷ್ಟಪಟ್ಟಿದ್ದಾರೆ. 1946ರ ಹ್ಯೂಮರೆಸ್ಕ್ ಸಿನಿಮಾದಲ್ಲಿ ಜಾನ್ ಗಾರ್ಫೀಲ್ಡ್ ಪಿಟೀಲುಗಾರ. ಹತ್ತಿರದ ಶಾಟ್‌ಗಳಲ್ಲಿ ಅವನ ಕೈಗಳನ್ನು ಮರೆಮಾಡಿ ಇಬ್ಬರು ನಿಜವಾದ ವಾದಕರನ್ನು ಅಕ್ಕಪಕ್ಕ ಅಡಗಿಸಿದರು. ಒಬ್ಬ ತಂತಿ ಒತ್ತುತ್ತಾನೆ, ಇನ್ನೊಬ್ಬ ಕಮಾನು ಎಳೆಯುತ್ತಾನೆ. ನಾದ ಮಾತ್ರ ಐಸಾಕ್ ಸ್ಟರ್ನ್ ಅವರದ್ದು. ಒಬ್ಬ ನಾಯಕನಿಗೆ ಇಷ್ಟು ಜನ!

ಮುಂಬೈಯಲ್ಲಿ ಇಂಥ ತಾಪತ್ರಯ ಇರಲಿಲ್ಲ. ನುಡಿಸುವವರು ರೆಕಾರ್ಡಿಂಗ್ ಕೋಣೆಯಲ್ಲಿ, ಕಾಣಿಸಿಕೊಳ್ಳುವವರು ಪರದೆಯ ಮೇಲೆ. ನುಡಿಸುವವರಲ್ಲಿ ತುಂಬಾ ಜನ ಗೋವಾದವರು, ಸ್ವರ ಬರೆದ ಕಾಗದ ಮುಂದಿಟ್ಟುಕೊಂಡು ಓದಿ ನುಡಿಸಬಲ್ಲವರು. ಮಾಜೋರ್ಡಾ ಊರಿನ ಆಂಥನಿ ಗೊನ್ಸಾಲ್ವಿಸ್ ಅಂಥವರಲ್ಲೊಬ್ಬರು. ಸಂಗೀತ ನಿರ್ದೇಶಕರಾದ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಪಿಟೀಲು ಕಲಿತದ್ದು ಅವರ ಬಳಿ. ಶಿಷ್ಯ 1977ರ ಅಮರ್ ಅಕ್ಬರ್ ಆಂಥನಿ ಸಿನಿಮಾದಲ್ಲಿ ಗುರುವಿನ ಹೆಸರನ್ನೇ ಹಾಡಿಗೆ ಹಾಕಿದ. ಆ ಹೆಸರು ಹೇಳಿಕೊಂಡು ಮೊಟ್ಟೆಯೊಳಗಿಂದ ಹೊರಬಂದವರು ಮಾತ್ರ ಅಮಿತಾಭ್ ಬಚ್ಚನ್.

ಪರದೆಯ ಮೇಲೆ ಕಾಣಿಸಿಕೊಂಡವರ ಪೈಕಿ ನಮ್ಮ ಚಿಕ್ಕಪ್ಪನೂ ಒಬ್ಬರು. ಅರವತ್ತರ ದಶಕದ ಮಾತು. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಎತ್ತರದ ಆಳು, ಬೆಳ್ಳಗೆ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ತಲೆ. ಅಲ್ಲಿಗೆ ಒಬ್ಬ ಎಕ್ಸ್‌ಟ್ರಾ ಸಪ್ಲೈಯರ್, ಅಂದರೆ ಸಿನಿಮಾದ ಗುಂಪಿನ ಸೀನುಗಳಿಗೆ ಜನ ಒದಗಿಸುವವನು, ಬರುತ್ತಿದ್ದ. ಮಸಾಲೆ ದೋಸೆ ತಿನ್ನುವುದು, ಉದ್ರಿ ಬರೆಸುವುದು. ಉದ್ರಿ ಬೆಳೆದು ಯಜಮಾನರ ಕಣ್ಣಿಗೆ ಬಿತ್ತು. ಚಿಕ್ಕಪ್ಪ ಗಟ್ಟಿಯಾಗಿ ಕೇಳಿದಾಗ ಅವನು ದುಡ್ಡು ಕೊಡಲಿಲ್ಲ, ಕೆಲಸ ಕೊಟ್ಟ. ನಾಳೆ ಕ್ಲಬ್ಬಿನ ಸೀನು ಇದೆ, ಕಪ್ಪು ಕೋಟು ಹಾಕಿಕೊಂಡು ಬಾ, ಬರುವ ಕೂಲಿಯಲ್ಲಿ ಉದ್ರಿ ಹೊಡೆದುಹಾಕು ಅಂದ.

ಕಪ್ಪು ಕೋಟು ಎಲ್ಲಿಂದ ತರುವುದು? ದಿನಾ ಬೆಳಗ್ಗೆ ಇಡ್ಲಿಗೆ ಬರುವ ವಕೀಲರೊಬ್ಬರಿದ್ದರು. ಅವರದ್ದೇ ಬೇಡಿ ತಂದರು. ವಕೀಲರು ಗಿಡ್ಡ, ದಪ್ಪ. ಕೋಟು ಅಗಲದಲ್ಲಿ ಚಿಕ್ಕಪ್ಪನಂಥ ಇಬ್ಬರಿಗೆ ಸಾಕು, ತೋಳು ಮಾತ್ರ ಮೊಣಕೈ ದಾಟಿದ ಕೂಡಲೇ ಮುಗಿಯುತ್ತಿತ್ತು. ಬೆನ್ನಿಗೆ ಸೇಫ್ಟಿ ಪಿನ್ನು ಚುಚ್ಚಿಕೊಂಡು ಹೋದರು.

ಸೆಟ್ಟಿನಲ್ಲಿ ಎಲ್ಲರ ಕೈಗೂ ಒಂದೊಂದು ವಾದ್ಯ ಸಿಕ್ಕಿತು. ಟ್ರಂಪೆಟ್ ಹಿಡಿದವನು ದಾದರಿನ ಟೈಲರ್. ಡ್ರಮ್ಮಿನ ಹಿಂದೆ ರಜೆ ಹಾಕಿ ಬಂದ ಬಸ್ ಕಂಡಕ್ಟರ್. ಚಿಕ್ಕಪ್ಪನಿಗೆ ಪಿಟೀಲು. ಹಾಡಿನ ಮಧ್ಯೆ ಕುಂಯ್ ಅನ್ನಬಾರದೆಂದು ಕಮಾನಿಗೆ ರಾಳದ ಬದಲು ಸೋಪು ಸವರಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಚಿಕ್ಕಪ್ಪ ಎಡಚ. ನೋಟು ಎಣಿಸುವುದೂ ಎಡಗೈಯಲ್ಲೇ. ಪಿಟೀಲನ್ನು ಬಲಭುಜಕ್ಕೇರಿಸಿ ಎಡಗೈಯಲ್ಲಿ ಕಮಾನು ಎಳೆದರು. ಸಾಲಿನಲ್ಲಿದ್ದ ಎಲ್ಲರ ಕಮಾನು ಒಂದು ಕಡೆ, ಇವರದ್ದು ಇನ್ನೊಂದು ಕಡೆ. ಪಕ್ಕದವನ ಕಿವಿಗೆ ತಿವಿಯಿತು. ಅಸಿಸ್ಟೆಂಟ್ ಡೈರೆಕ್ಟರ್ ಕಿರುಚಿದ. ಕೈ ಬದಲಿಸಿ ನೋಡಿದರು, ಕಮಾನು ಜಾರಿ ನೆಲಕ್ಕೆ ಬಿತ್ತು. ಅತ್ತ ನಾಯಕಿ ಗಡಿಯಾರ ನೋಡುತ್ತಿದ್ದಾಳೆ. ಕೊನೆಗೆ ನಾಲ್ಕು ಜನ ಸೇರಿ ಕುಂಡದಲ್ಲಿದ್ದ ದೊಡ್ಡ ತಾಳೆಗಿಡವನ್ನು ಹೊತ್ತು ತಂದು ಚಿಕ್ಕಪ್ಪನ ಮುಂದೆ ಇಟ್ಟರು. ಅದರ ಹಿಂದೆ ಕೂತು ಅವರು ಮಧ್ಯಾಹ್ನವಿಡೀ ತಮಗೆ ಬೇಕಾದ ಕೈಯಲ್ಲಿ ನುಡಿಸಿದರು.

ಸಿನಿಮಾ ಬಿಡುಗಡೆಯಾದಾಗ ಅಡುಗೆ ಭಟ್ಟರಿಂದ ಹಿಡಿದು ಕ್ಲೀನರ್ ಹುಡುಗನ ತನಕ ಇಡೀ ಹೋಟೆಲು ಮ್ಯಾಟಿನಿಗೆ ಹೋಯಿತು. ಎಲೆಗಳ ಸಂದಿಯಲ್ಲಿ ಒಂದು ಮೊಣಕೈ ಕಂಡಿತು. ಶಿಳ್ಳೆಯೋ ಶಿಳ್ಳೆ. ವಕೀಲರೂ ಬಂದಿದ್ದರು. ಅವರು ನೋಡಿದ್ದು ಕೋಟನ್ನು. ತೋಳಿಗೆ ಸೋಪಿನ ಕಲೆ ಆಗಿದೆ ಎಂದು ಅವರು ಆಗಲೇ ಇಡ್ಲಿಯ ಬಿಲ್ಲಿನಲ್ಲಿ ಕಳೆಯಲು ಶುರುಮಾಡಿದ್ದರು. ಕಲೆ ಹೋದರೂ ಕಳೆಯುವುದು ನಿಲ್ಲಲಿಲ್ಲ. ಲೆಕ್ಕ ಹಾಕಿದರೆ ಸಪ್ಲೈಯರನ ದೋಸೆಗಿಂತ ವಕೀಲರ ಇಡ್ಲಿಯೇ ದುಬಾರಿಯಾಯಿತು.

ಚಿಕ್ಕಪ್ಪ 1860ರ ಅಮೆರಿಕದಲ್ಲಿ ಹುಟ್ಟಿದ್ದರೆ ಬಚಾವಾಗುತ್ತಿದ್ದರು. ಆಗಿನ ಟಿನ್‌ಟೈಪ್ ಫೋಟೋಗಳಲ್ಲಿ ಚಿತ್ರ ನೇರವಾಗಿ ತಗಡಿನ ಮೇಲೇ ಮೂಡುತ್ತಿತ್ತು, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ಆ ಕಾಲದ ಪಿಟೀಲುಗಾರರು ಈಗ ಫೋಟೋದಲ್ಲಿ ಎಡಚರ ಹಾಗೆ ಕಾಣುತ್ತಾರೆ. ಕೋಟಿನ ಗುಂಡಿ ಯಾವ ಕಡೆ ಇದೆ ಎಂದು ನೋಡಿ ತಿಳಿದವರು ಗುಟ್ಟು ಹಿಡಿಯುತ್ತಾರೆ. ಅಲ್ಲೂ ಯಾರೂ ನುಡಿಸುತ್ತಿರಲಿಲ್ಲ ಬಿಡಿ. ಕೈ ಅಲ್ಲಾಡಿದರೆ ಚಿತ್ರ ಮಸುಕು. ಕಮಾನನ್ನು ತಂತಿಯ ಮೇಲಿಟ್ಟು ಉಸಿರು ಬಿಗಿಹಿಡಿದು ಕೂತಿರಬೇಕು.

ಇದಕ್ಕಿಂತ ದೊಡ್ಡ ಮೋಸ ಇಟಲಿಯ ಮಹಾ ಪಿಟೀಲುಗಾರ ಪಗನೀನಿಯ ಹೆಸರಿನಲ್ಲಿ ನಡೆದದ್ದು. ಆ ಮಹಾನುಭಾವ ತೀರಿಕೊಂಡದ್ದು 1840ರಲ್ಲಿ. ಫೋಟೋ ತೆಗೆಯುವ ಡಾಗೆರೋಟೈಪ್ ವಿಧಾನ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಒಂದು ಫೋಟೋಗೆ ಹೇಗೋ ಸಮಯ ಉಂಟು. ಸರಿಯಾಗಿ ಆ ಸಂದಿಯಲ್ಲೇ ತೂರಿಸಿ, ಇದೋ ಪಗನೀನಿಯ ಫೋಟೋ ಎಂದು ಒಂದು ಚಿತ್ರ 1900ರ ಸುಮಾರಿಗೆ ಹೊರಬಂತು. ಜನ ನಂಬಿದರು. ಅದನ್ನು ಹುಟ್ಟಿಸಿದವರು ಜುಸೆಪ್ಪೆ ಫಿಯೋರಿನಿ, ಇಟಲಿಯ ಪಿಟೀಲು ತಯಾರಕರು! ಕುದುರೆ ಕೂರಿಸಲು ಬಲ್ಲವರೇ ಹೀಗೆ ಮಾಡಿದರೆ ಬಾರದವರಿಗೆ ಏನು ಹೇಳುವುದು.

ಎಲ್ಲ ಬಿಟ್ಟು ಪಿಟೀಲೇ ಯಾಕೆ ಎನ್ನುವುದು ನನ್ನ ಪ್ರಶ್ನೆ. ಯಾರೂ ಹಾರ್ಮೋನಿಯಂ ಮುಂದೆ ಕೂತು ವಿಂಟೇಜ್ ಆಗುವುದಿಲ್ಲ. ಶಹನಾಯಿ ಊದಿದರೆ ಕೆನ್ನೆ ಉಬ್ಬುತ್ತದೆ. ಮೃದಂಗಕ್ಕೆ ಎರಡೂ ಕೈ ಬೇಕು. ಪಿಟೀಲು ಹಗುರ, ಒಂದು ಕೈಯಲ್ಲಿ ನೇತಾಡಿಸಬಹುದು. ಆದರೆ ಕೊಳಲು ಅದಕ್ಕಿಂತ ಹಗುರ, ಅದನ್ನು ಯಾರೂ ಬಾಡಿಗೆಗೆ ತರುವುದಿಲ್ಲ. ಗಲ್ಲ ವಾರೆ ಮಾಡಿದಾಗ ಮುಖಕ್ಕೆ ಒಂದು ದುಃಖ ಬರುತ್ತದೆ, ಅದಕ್ಕೇ ಇರಬೇಕು ಎಂದು ನಮ್ಮವಳಿಗೆ ಹೇಳಿದೆ. "ಅದು ದುಃಖ ಅಲ್ಲ, ಕುತ್ತಿಗೆ ನೋವು" ಅಂದಳು.

ಹೋದ ತಿಂಗಳು ಅವಳಿಗೆ ರಾಳ ತರಲು ಧೋಬಿ ತಲಾವಿನ ಕಡೆ ಒಂದು ವಾದ್ಯದ ಅಂಗಡಿಗೆ ಹೋಗಿದ್ದೆ. ಹೋದವನು ಸುಮ್ನೆ ಒಂದು ಪಿಟೀಲಿನ ಬೆಲೆ ಕೇಳಿದೆ. "ಬಜಾನೇ ಕಾ, ಯಾ ಶೂಟಿಂಗ್ ಕಾ?" ಅಂದ ಕೌಂಟರಿನ ಹುಡುಗ. ನುಡಿಸಲಿಕ್ಕೋ ಶೂಟಿಂಗಿಗೋ ಅಂತ. ಎರಡನ್ನೂ ತೋರಿಸು ಅಂದೆ. ತಂದಿಟ್ಟ. ಶೂಟಿಂಗಿನದ್ದು ಅರ್ಧ ಬೆಲೆ, ಕನ್ನಡಿಯಂಥ ಪಾಲಿಶ್ಶು, ಒಳ್ಳೆ ಜೇನು ಬಣ್ಣ. ನೋಡಲು ಅದೇ ಚೆನ್ನಾಗಿತ್ತು. ಮೈಯೆಲ್ಲ ಉರಿಯಿತು. ರಾಳ ಕಟ್ಟಿಸಿಕೊಂಡು ಬಂದೆ.