ಭಾಗವತರು ಮೇಳ ಬಿಟ್ಟ ವರ್ಷ

2024ರ ಮಾರ್ಚ್ 22, ಶುಕ್ರವಾರ. ಬೆಳಿಗ್ಗೆ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕಾಫಿ ಮೆಷಿನ್ನಿನ ಗುರ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಯಾರೋ ತೀರಿಕೊಂಡಿರಬೇಕು ಅಂದುಕೊಂಡೆ. ಎದುರಿನ ಮೇಜಿನಲ್ಲಿ ನಮ್ಮ ಲೈನಿನ ಹಿರಿಯರೊಬ್ಬರು ಕೂತಿದ್ದರು. ತಮ್ಮ ನೀಲಿ ಟೋಪಿಯನ್ನು ಮಗುಚಿ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಿದ್ದರು. ಏನಾಯಿತು ಅಂತ ಕೇಳಿದೆ. ಒಂದೇ ಪದ ಹೇಳಿದರು: ಓಕ್‌ಲ್ಯಾಂಡ್.

ಓಕ್‌ಲ್ಯಾಂಡ್ ಅಂದರೆ ಕ್ಯಾಲಿಫೋರ್ನಿಯಾದ ಊರಲ್ಲ, ಮಿಶಿಗನ್ನಿನ ಒಂದು ಸಣ್ಣ ಯೂನಿವರ್ಸಿಟಿ. ಹಿಂದಿನ ರಾತ್ರಿ ಅವರ ಬಾಸ್ಕೆಟ್‌ಬಾಲ್ ತಂಡ ನಮ್ಮ ಕೆಂಟಕಿ ಯೂನಿವರ್ಸಿಟಿ ತಂಡವನ್ನು 80–76ರಲ್ಲಿ ಸೋಲಿಸಿ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯ ಮೊದಲ ಪಂದ್ಯದಲ್ಲೇ ಮನೆಗೆ ಕಳಿಸಿತ್ತು. ಸೋಲಿಸಿದ್ದು ಮುಖ್ಯವಾಗಿ ಜ್ಯಾಕ್ ಗೋಲ್ಕಿ ಅನ್ನುವ ಹುಡುಗ. ಹುಡುಗ ಅಂತ ಸುಮ್ನೆ ಅಂದೆ, ಅವನಿಗೆ ಆಗ 24 ವರ್ಷ. ಹಿಲ್ಸ್‌ಡೇಲ್ ಅನ್ನುವ ಪುಟ್ಟ ಕಾಲೇಜಿನಲ್ಲಿ ಆಡಿಕೊಂಡಿದ್ದವನು. ದೂರದಿಂದ ಹತ್ತು ಸಲ ಮೂರು ಪಾಯಿಂಟಿನ ಬುಟ್ಟಿ ಹಾಕಿದ. ಈ ಕಡೆ ನಮ್ಮ ತಂಡದಲ್ಲಿ ಮೂರೇ ತಿಂಗಳಲ್ಲಿ ಎನ್‌ಬಿಎ ಅನ್ನುವ ವೃತ್ತಿಪರ ಲೀಗ್ ಸೇರಲಿದ್ದ ಹತ್ತೊಂಬತ್ತರ ಹುಡುಗರು. ಅಲ್ಲಿಯ ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವಾಗ ರೀಡ್ ಶೆಪರ್ಡ್ ಮೂರನೇ ಆಯ್ಕೆಯಾಗಿ ಹೋದ, ರಾಬ್ ಡಿಲಿಂಗ್‌ಹ್ಯಾಮ್ ಎಂಟನೆಯವನಾಗಿ.

ನಾನು ಕುಂದಾಪುರದ ಕಡೆಯವನು. ಈಗ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ ಸಂಸಾರ. ಪಕ್ಕದ ಜಾರ್ಜ್‌ಟೌನಿನಲ್ಲಿ ಟೊಯೊಟಾದ ದೊಡ್ಡ ಕಾರ್ಖಾನೆ ಇದೆ. ಅದಕ್ಕೆ ಬಿಡಿಭಾಗ ಮಾಡಿಕೊಡುವ ಕಂಪನಿಯಲ್ಲಿ ನನ್ನ ಕೆಲಸ. ಬಿಡದಿಯಿಂದ ಬಂದವರು ನಮ್ಮಲ್ಲಿ ಒಂದಿಬ್ಬರು ಸಿಗುತ್ತಾರೆ. ಈ ರಾಜ್ಯಕ್ಕೆ ಎನ್‌ಬಿಎ ತಂಡ ಇಲ್ಲ. ಆದ್ದರಿಂದ ಯೂನಿವರ್ಸಿಟಿಯ ತಂಡವೇ ಎಲ್ಲ. ರಪ್ ಅರೀನಾದಲ್ಲಿ ಇಪ್ಪತ್ತು ಸಾವಿರ ಜನ ಕೂರುತ್ತಾರೆ, ಅಷ್ಟೂ ಸೀಟು ಕಾಲೇಜು ಹುಡುಗರ ಆಟಕ್ಕೆ ತುಂಬುತ್ತವೆ. 1948ರಿಂದ 2012ರವರೆಗೆ ಎಂಟು ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡ ಇದು.

ಓಕ್‌ಲ್ಯಾಂಡ್ ಸೋಲಾಗಿ ಮೂರು ವಾರಕ್ಕೆ ಕೋಚ್ ಜಾನ್ ಕ್ಯಾಲಿಪಾರಿ ಕೆಂಟಕಿ ಬಿಟ್ಟು ಆರ್ಕನ್ಸಾ ಯೂನಿವರ್ಸಿಟಿಗೆ ಹೋದರು. ಹದಿನೈದು ವರ್ಷ ಇದ್ದವರು. ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಇದನ್ನು ವಿವರಿಸಲು ನೋಡಿದೆ. ಬಾಸ್ಕೆಟ್‌ಬಾಲ್ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅಂದ್ರೆ ಭಾಗವತ್ರು ಮೇಳ ಬಿಟ್ರು, ಅಲ್ದಾ?"

ಮೇಳ ಅಂದರೆ ಯಕ್ಷಗಾನದ ತಂಡ, ಭಾಗವತರು ಅಂದರೆ ಹಾಡುತ್ತಾ ಇಡೀ ಆಟ ನಡೆಸುವವರು. ಅಪ್ಪಯ್ಯ ಹೇಳಿದ್ದೇ ಸರಿ ಅನ್ನಿಸಿತು. ಅವತ್ತಿನಿಂದ ನಾನು ಈ ಆಟವನ್ನು ಯಕ್ಷಗಾನದ ಕಣ್ಣಿನಿಂದಲೇ ನೋಡುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಶುರುವಾಗುವ ಮುಂಚೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಟ ಇಲ್ಲದ ಆ ತಿಂಗಳುಗಳಲ್ಲಿ ಅಂಗಡಿ ಜಗಲಿ ಮೇಲೆ ಒಂದೇ ಮಾತು. ಮುಂದಿನ ತಿರುಗಾಟಕ್ಕೆ ಯಾವ ವೇಷಧಾರಿ ಯಾವ ಮೇಳ? ಯಾರಿಗೆ ಎಷ್ಟು ಮುಂಗಡ ಕೊಟ್ಟರಂತೆ? ಭಾಗವತರು ಬದಲಾದರೆ ಅವರ ಜೊತೆ ಮದ್ದಳೆಗಾರರು ಹೋಗುತ್ತಾರಾ? ಕ್ಯಾಲಿಪಾರಿ ಹೋದಾಗ ಇಲ್ಲೂ ಹಾಗೇ ಆಯಿತು. ಡಿ.ಜೆ. ವ್ಯಾಗ್ನರ್, ಅಡು ಥಿಯೆರೊ, ಕ್ರೊವೇಷಿಯಾದ ಏಳಡಿ ಹುಡುಗ ಜ್ವೊನಿಮಿರ್ ಇವಿಸಿಚ್, ಮೂವರೂ ಹಿಂದೆಯೇ ಹೊರಟರು. ಇನ್ನೂ ಕೆಂಟಕಿಗೆ ಕಾಲಿಡದೆ ಬರುತ್ತೇವೆ ಅಂತ ಮಾತು ಕೊಟ್ಟಿದ್ದ ಹೈಸ್ಕೂಲ್ ಹುಡುಗರಲ್ಲೂ ಕೆಲವರು ಆ ಕಡೆ ಹೋದರು. ವೇಷ ಕಟ್ಟುವ ಚೌಕಿಯೇ ಖಾಲಿಯಾಯಿತು.

ಕ್ಯಾಲಿಪಾರಿಯವರ ದಾರಿ ಏನಿತ್ತು ಅಂತ ಹೇಳಬೇಕು. ಹೈಸ್ಕೂಲ್ ಮುಗಿದು ಒಂದು ವರ್ಷವಾದರೂ ಆಗದೆ, ಹತ್ತೊಂಬತ್ತು ತುಂಬದೆ ಎನ್‌ಬಿಎಗೆ ಬರುವಂತಿಲ್ಲ ಅನ್ನುವ ನಿಯಮ 2006ರ ಆಯ್ಕೆಯಿಂದ ಜಾರಿಗೆ ಬಂತು. ಆ ಒಂದು ವರ್ಷ ಎಲ್ಲಿ ಕಳೆಯಬೇಕು? ನಮ್ಮಲ್ಲಿ ಬನ್ನಿ ಅಂದರು ಇವರು. ದೇಶದ ಅತಿ ಒಳ್ಳೆಯ ಐದಾರು ಹುಡುಗರನ್ನು ಸೇರಿಸು, ಒಂದು ವರ್ಷ ಆಡಿಸು, ಕಳಿಸು. ಮುಂದಿನ ವರ್ಷ ಮತ್ತೆ ಹೊಸಬರು. ಮೊದಲು ಹೆಸರಾಂತ ವೇಷಧಾರಿಗಳನ್ನು ಕೂಡಿಸಿ ಆಮೇಲೆ ಪ್ರಸಂಗ ಯೋಚಿಸುವ ಮೇಳ ಅನ್ನಿ.

ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 2012ರಲ್ಲಿ ಆ್ಯಂಟನಿ ಡೇವಿಸ್ ಮೊದಲ ವರ್ಷದ ಹುಡುಗ. ಆ ತಂಡ ಪ್ರಶಸ್ತಿ ಗೆದ್ದಿತು. ಆ ವರ್ಷದ ಎನ್‌ಬಿಎ ಆಯ್ಕೆಯಲ್ಲಿ ಮೊದಲ ಹೆಸರೂ ಎರಡನೇ ಹೆಸರೂ ಕೆಂಟಕಿಯದ್ದೇ. 2015ರಲ್ಲಿ 38 ಪಂದ್ಯ ಸತತ ಗೆದ್ದು 39ನೆಯದ್ದರಲ್ಲಿ ವಿಸ್ಕಾನ್ಸಿನ್ ಕೈಯಲ್ಲಿ ಸೋತರು. ಬಡ ಮನೆಯ ಎಷ್ಟೋ ತಾಯಂದಿರಿಗೆ ಈ ಮನುಷ್ಯ ಕೊಟ್ಟ ಮಾತು ಉಳಿಸಿಕೊಂಡರು. ಇದನ್ನು ಲೆಕ್ಸಿಂಗ್ಟನ್ನಿನ ಜನ ಈಗ ಒಪ್ಪುವುದಿಲ್ಲ. ಒಪ್ಪಬೇಕು.

ಆದರೆ ಕಾಲ ಬದಲಾಯಿತು. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು ಅಂತಾಯಿತು. ಅದೇ ವರ್ಷ ಕಾಲೇಜು ಬದಲಿಸಿದರೆ ಒಂದು ವರ್ಷ ಕೂರಬೇಕು ಅನ್ನುವ ಕಟ್ಟು ಸಡಿಲವಾಯಿತು. ಕೋವಿಡ್ ಕಾರಣಕ್ಕೆ ಒಂದು ವರ್ಷ ಹೆಚ್ಚು ಆಡುವ ಅವಕಾಶವೂ ಸಿಕ್ಕಿತ್ತು. ಹಾಗಾಗಿ ಎದುರು ತಂಡದಲ್ಲಿ ಗಡ್ಡ ಬಂದ, ಮೈ ಗಟ್ಟಿಯಾದ ಇಪ್ಪತ್ತಮೂರು ಇಪ್ಪತ್ನಾಲ್ಕರ ಗಂಡಸರು. ಇವರದ್ದು ಮೀಸೆ ಚಿಗುರಿದ ಹುಡುಗರು. 2021ರಿಂದ 2024ರವರೆಗೆ ನಾಲ್ಕು ಸೀಸನ್ನಿನಲ್ಲಿ ಕೆಂಟಕಿ ರಾಷ್ಟ್ರೀಯ ಟೂರ್ನಿಯಲ್ಲಿ ಗೆದ್ದದ್ದು ಒಂದೇ ಪಂದ್ಯ. 2022ರಲ್ಲಿ ಸೇಂಟ್ ಪೀಟರ್ಸ್ ಅನ್ನುವ ತಂಡದ ಕೈಯಲ್ಲಿ ಸೋತಾಗ ಆ ಕಾಲೇಜು ಎಲ್ಲಿದೆ ಅಂತ ಹುಡುಕಿದವರೇ ಜಾಸ್ತಿ. ಅಷ್ಟಾದರೂ ಕೋಚನ್ನು ತೆಗೆಯುವುದು ಸುಲಭವಿರಲಿಲ್ಲ. ತೆಗೆದರೆ ಸುಮಾರು 33 ಮಿಲಿಯನ್ ಡಾಲರ್ ಕೊಡಬೇಕಿತ್ತು. ಅವರೇ ಹೋದದ್ದು ಎಲ್ಲರಿಗೂ ಒಳ್ಳೆಯದಾಯಿತು. ದೊಡ್ಡ ಜಗಳಗಳು ಬಹಳ ಸಲ ಹೀಗೇ ಮುಗಿಯುತ್ತವೆ.

ಮುಂದಿನ ಕೋಚ್ ಯಾರು ಅನ್ನುವ ಆ ವಾರ ಕ್ಯಾಂಟೀನಿನಲ್ಲಿ ಕೆಲಸಕ್ಕಿಂತ ಅದೇ ಚರ್ಚೆ. ನಮ್ಮಲ್ಲಾದರೆ ಒಂದು ಕಮಿಟಿ, ಅದಕ್ಕೊಂದು ಉಪಕಮಿಟಿ, ಯಾರ ಕಡೆಯವರು ಎಷ್ಟು ಅನ್ನುವ ಲೆಕ್ಕ. ಇಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಮಿಚ್ ಬಾರ್ನ್‌ಹಾರ್ಟ್ ಒಬ್ಬರೇ ಫೋನ್ ಹಿಡಿದು ಓಡಾಡಿದರು. ಕನೆಟಿಕಟ್ಟಿನ ಕೋಚ್ ಡ್ಯಾನ್ ಹರ್ಲಿ ಬರುವುದಿಲ್ಲ ಅಂದರು. ಬೇಲರಿನ ಸ್ಕಾಟ್ ಡ್ರೂ ಕೂಡ ಬರಲಿಲ್ಲ. ಕೊನೆಗೆ ಬಂದ ಹೆಸರು ಮಾರ್ಕ್ ಪೋಪ್. ಯೂಟಾದ ಬಿವೈಯು ಅನ್ನುವ ಯೂನಿವರ್ಸಿಟಿಯ ಕೋಚ್. ರಾಷ್ಟ್ರೀಯ ಟೂರ್ನಿಯಲ್ಲಿ ಕೋಚಾಗಿ ಒಂದೂ ಪಂದ್ಯ ಗೆದ್ದವರಲ್ಲ. ಆ ರಾತ್ರಿ ಊರಿಗೆ ಊರೇ ಬೈದಿತು. ನೀಲಿ ಟೋಪಿಯ ಹಿರಿಯರಂತೂ ಮುಂದಿನ ವರ್ಷದ ಟಿಕೆಟ್ ತೆಗೆಯುವುದೇ ಇಲ್ಲ ಅಂದರು.

ಆದರೆ ಪೋಪ್ 1996ರಲ್ಲಿ ಪ್ರಶಸ್ತಿ ಗೆದ್ದ ಕೆಂಟಕಿ ತಂಡದ ಕ್ಯಾಪ್ಟನ್. ಮನೆ ಹುಡುಗ. ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಡಾಕ್ಟರ್ ಓದುತ್ತಿದ್ದವರು ಅರ್ಧಕ್ಕೆ ಬಿಟ್ಟು ಕೋಚಿಂಗಿಗೆ ಬಂದವರು. (ನಮ್ಮ ಮನೆಗಳಲ್ಲಿ ಯಾರಾದರೂ ಮೆಡಿಕಲ್ ಸೀಟು ಬಿಟ್ಟು ಚೆಂಡು ಹಿಡಿದಿದ್ದರೆ ಏನಾಗುತ್ತಿತ್ತು ಅಂತ ನನ್ನ ಹೆಂಡತಿ ಕೇಳಿದಳು.) ಏಪ್ರಿಲ್ 14ರ ಭಾನುವಾರ ರಪ್ ಅರೀನಾದಲ್ಲಿ ಅವರನ್ನು ಬರಮಾಡಿಕೊಳ್ಳುವ ಕಾರ್ಯಕ್ರಮ. ಆಟ ಇಲ್ಲ, ಬರೀ ಭಾಷಣ. ಅರೀನಾ ತುಂಬಿ ತುಳುಕಿತು. ಹಳೆಯ ಆಟಗಾರರನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಬಂದಿಳಿದರು. ಎರಡು ದಿನದ ಹಿಂದೆ ಬೈದವರೇ ಎದ್ದು ನಿಂತರು. ನಮ್ಮ ಹಿರಿಯರು ಮಧ್ಯಾಹ್ನವೇ ಹೋಗಿ ಸಾಲಿನಲ್ಲಿ ನಿಂತಿದ್ದರಂತೆ. ಸೋಮವಾರ ನಾನು ಟಿಕೆಟ್ ವಿಷಯ ಎತ್ತಲಿಲ್ಲ.

ಮನೆ ಹುಡುಗ ಅನ್ನುವ ಕಾರಣಕ್ಕೆ ಕೋಚ್ ಮಾಡುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಯಜಮಾನರ ಮಗ ಅಂತ ಭಾಗವತಿಕೆಗೆ ಕೂರಿಸಿದರೆ ಹಾಡು ಬರುತ್ತದಾ? ನನಗೆ ಪೋಪ್ ಇಷ್ಟವಾದದ್ದು ಆ ಬೇಸಿಗೆಯಲ್ಲಿ ಅವರು ತಂಡ ಕಟ್ಟಿದ ರೀತಿಯಿಂದ.

ಕೈಗೆ ಬಂದದ್ದು ಖಾಲಿ ಚೌಕಿ. ಅವರು ದೊಡ್ಡ ಹೆಸರುಗಳ ಹಿಂದೆ ಹೋಗಲಿಲ್ಲ. ತಮ್ಮ ಆಟ ಯಾವುದು ಅಂತ ಮೊದಲೇ ಗೊತ್ತಿತ್ತು: ಬೇಗ ಪಾಸ್ ಮಾಡಬೇಕು, ದೂರದಿಂದ ಹೊಡೆಯಬೇಕು, ಎತ್ತರದ ಆಟಗಾರನೇ ಚೆಂಡು ಹಂಚಬೇಕು. ಆ ಪ್ರಸಂಗಕ್ಕೆ ಬೇಕಾದ ವೇಷಗಳನ್ನು ಹುಡುಕಿದರು. ದೇಶದಲ್ಲೇ ಅತಿ ಕರಾರುವಾಕ್ಕಾಗಿ ಮೂರು ಪಾಯಿಂಟ್ ಹೊಡೆಯುತ್ತಿದ್ದ ಕೋಬಿ ಬ್ರೇ ಡೇಟನ್ನಿನಿಂದ ಬಂದ. 2023ರ ಸೆಮಿಫೈನಲ್ಲಿನಲ್ಲಿ ಗಂಟೆ ಹೊಡೆಯುವಾಗ ಬುಟ್ಟಿ ಹಾಕಿ ಸ್ಯಾನ್ ಡಿಯಾಗೋ ಸ್ಟೇಟ್ ತಂಡವನ್ನು ಫೈನಲ್ಲಿಗೆ ಒಯ್ದಿದ್ದ ಲಾಮೊಂಟ್ ಬಟ್ಲರ್ ಬಂದ. ಡ್ರೆಕ್ಸೆಲ್ ಅನ್ನುವ ಹೆಚ್ಚು ಸದ್ದಿಲ್ಲದ ಕಡೆಯಿಂದ ಅಮಾರಿ ವಿಲಿಯಮ್ಸ್, ಇಂಗ್ಲೆಂಡಿನವನು, ಏಳಡಿ, ಎಡಗೈ.

ಈ ವಿಲಿಯಮ್ಸನ ಒಂದು ಆಟ ಕಣ್ಣಿಗೆ ಕಟ್ಟಿದ ಹಾಗಿದೆ. ನಾನೂ ಮಗನೂ ಅರೀನಾದ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಆಟಗಾರರು ಇರುವೆ ಗಾತ್ರ ಕಾಣುವಲ್ಲಿ ಕೂತಿದ್ದೆವು. ಆ ಎತ್ತರದ ಮನುಷ್ಯ ಚೆಂಡು ತಟ್ಟುತ್ತಾ ಬಂದು ಬುಟ್ಟಿಯಿಂದ ದೂರ, ನಡುವೆ ನಿಂತ. ಬ್ರೇ ಅವನ ಕೈಯಿಂದ ಚೆಂಡು ತೆಗೆದುಕೊಳ್ಳುವವನ ಹಾಗೆ ಓಡಿ ಬಂದ. ಅವನನ್ನು ಕಾಯುತ್ತಿದ್ದವನು ಮುಂದೆ ಹಾರಿದ. ಬ್ರೇ ಗಕ್ಕನೆ ತಿರುಗಿ ಬುಟ್ಟಿಯ ಕಡೆ ಹೋದ. ಚೆಂಡು ನೆಲಕ್ಕೆ ಒಂದು ಸಲ ಬಡಿದು ಸರಿಯಾಗಿ ಅವನ ಕೈ ಸೇರಿತು. ಭಾಗವತರು ಪದ ಎತ್ತುವ ಮುಂಚೆಯೇ ಮದ್ದಳೆಯವನಿಗೆ ತಾಳ ಗೊತ್ತಿರುತ್ತದಲ್ಲ, ಹಾಗೆ. ಮೇಲಿನಿಂದ ನೋಡಿದರೇ ಅದರ ಅಂದ ಕಾಣುವುದು. ಅಗ್ಗದ ಟಿಕೆಟ್ಟಿಗೂ ಅದರದ್ದೇ ಲಾಭ ಇದೆ.

ಆ ಸೀಸನ್ 24 ಗೆಲುವು, 12 ಸೋಲು. ಡ್ಯೂಕ್ ತಂಡವನ್ನು ಸೋಲಿಸಿದರು. ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ಹದಿನಾರಕ್ಕೆ ಬಂದು ಟೆನೆಸಿಗೆ ಸೋತರು. ತಮಾಷೆ ಅಂದರೆ ಕ್ಯಾಲಿಪಾರಿಯ ಆರ್ಕನ್ಸಾ ಕೂಡ ಕೊನೆಯ ಹದಿನಾರಕ್ಕೇ ಬಂದು ಸೋತಿತು. ಫೆಬ್ರುವರಿ 1ರಂದು ಅವರು ರಪ್ ಅರೀನಾಗೆ ಹಿಂದಿರುಗಿದಾಗ ಜನ ಬೂ ಅಂತ ಕೂಗಿದ್ದರು. ಅವರು 89–79ರಲ್ಲಿ ಗೆದ್ದು ಹೋದರು.

ಈ ಹೊಸ ದಾರಿಯಲ್ಲಿ ನನಗೆ ಸರಿಬಾರದ್ದು ಒಂದಿದೆ. ಈ ಮೇಳದಲ್ಲಿ ಕೋಡಂಗಿ ವೇಷ ಇಲ್ಲ. ಯಕ್ಷಗಾನದಲ್ಲಿ ಹುಡುಗ ಮೊದಲು ಕೋಡಂಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ. ಸಂಜೆ ಖಾಲಿ ಬಯಲಿನ ಮುಂದೆ ಕುಣಿದು ಕುಣಿದು ಯಾವತ್ತೋ ಒಂದು ದಿನ ನಡುರಾತ್ರಿಯ ವೇಷ ಸಿಗುತ್ತದೆ. ಎಲ್ಲರನ್ನೂ ಕಲಿತು ಬಂದವರನ್ನೇ ತಂದರೆ ಕಲಿಯುವವನು ಎಲ್ಲಿ ಕುಣಿಯಬೇಕು?

ನದಿಯಾಚೆ ಇಂಡಿಯಾನಾದಲ್ಲಿ ಪರ್ಡ್ಯೂ ಯೂನಿವರ್ಸಿಟಿ ಇದೆ. ಮ್ಯಾಟ್ ಪೇಂಟರ್ 2005ರಿಂದ ಅಲ್ಲಿಯ ಕೋಚ್. ಜ್ಯಾಕ್ ಈಡಿ ಅನ್ನುವ ಕೆನಡಾದ ಏಳಡಿ ನಾಲ್ಕಿಂಚಿನ ಹುಡುಗನನ್ನು ತಂದರು. ಹೈಸ್ಕೂಲ್ ಪಟ್ಟಿಯಲ್ಲಿ ಅವನ ಜಾಗ ನಾನೂರರ ಆಚೆ. ಅವನು ನಾಲ್ಕು ವರ್ಷ ಅಲ್ಲೇ ಇದ್ದ. 2023ರಲ್ಲಿ ಎಲ್ಲರಿಗಿಂತ ಕೆಳಗಿನ ಸಾಲಿನ ತಂಡಕ್ಕೆ ಸೋತು ದೇಶವೆಲ್ಲ ನಕ್ಕಿತು. ಕೋಚ್ ಓಡಲಿಲ್ಲ, ಹುಡುಗನೂ ಓಡಲಿಲ್ಲ. ಮರುವರ್ಷ ಫೈನಲ್ಲಿಗೆ ಬಂದರು. ಗೆಲ್ಲಲಿಲ್ಲ, ಆದರೂ ಎರಡು ವರ್ಷ ಸತತ ದೇಶದ ಶ್ರೇಷ್ಠ ಆಟಗಾರ ಈಡಿಯೇ. ನನ್ನನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ: ಹದಿನೈದು ಜನರಲ್ಲಿ ನಾಲ್ಕು ಜಾಗವನ್ನಾದರೂ ಕೋಡಂಗಿಗಳಿಗೆ ಮೀಸಲಿಡಬೇಕು.

ಹಾಗಂತ ಬಿಟ್ಟು ಹೋಗುವ ಹುಡುಗರನ್ನು ಬೈಯುವವರ ಜೊತೆ ನಾನಿಲ್ಲ. 2019ರಲ್ಲಿ ಕ್ಯಾಲಿಪಾರಿಗೆ ಹತ್ತು ವರ್ಷಕ್ಕೆ 86 ಮಿಲಿಯನ್ ಡಾಲರಿನ ಕರಾರು. ಅದೇ ಹೊತ್ತಿನಲ್ಲಿ ಆಡುವ ಹುಡುಗ ತನ್ನ ಸಹಿ ಮಾರಿಕೊಂಡರೂ ತಪ್ಪು. ಇದು ಯಾವ ನ್ಯಾಯ? 2025ರ ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಒಂದು ಕಾಲೇಜಿಗೆ ಎಲ್ಲ ಆಟಗಳೂ ಸೇರಿ ಮೊದಲ ವರ್ಷಕ್ಕೆ ಸುಮಾರು 20.5 ಮಿಲಿಯನ್ ಡಾಲರಿನ ಮಿತಿಯಲ್ಲಿ. ಮೇಳದ ಕಲಾವಿದ ಮುಂಗಡ ತೆಗೆದುಕೊಂಡರೆ ಅದರಲ್ಲಿ ಪಾಪ ಏನಿದೆ? ಆ ತಿರುಗಾಟ ಮುಗಿಸಬೇಕು, ಅಷ್ಟೆ.

ಇಷ್ಟೆಲ್ಲ ಹೇಳುವ ನನ್ನ ಮನೆಯಲ್ಲೇ 2025ರಲ್ಲಿ ಒಂದು ಸಂಕಟ. ಟ್ರಾವಿಸ್ ಪೆರಿ ಅಂತ ಒಬ್ಬ ಹುಡುಗ. ಪಶ್ಚಿಮ ಕೆಂಟಕಿಯ ಲಯನ್ ಕೌಂಟಿಯವನು. ಈ ರಾಜ್ಯದ ಹೈಸ್ಕೂಲ್ ಹುಡುಗರಲ್ಲಿ ಇವತ್ತಿನವರೆಗೆ ಅತಿ ಹೆಚ್ಚು ಪಾಯಿಂಟ್ ಗಳಿಸಿದವನು. ಕ್ಯಾಲಿಪಾರಿಗೆ ಮಾತು ಕೊಟ್ಟಿದ್ದವನು, ಅವರು ಹೋದರೂ ಬದಲಿಸದೆ ಪೋಪ್ ಹತ್ತಿರ ಉಳಿದ. ನನ್ನ ಮಗನಿಗೆ ಅವನೆಂದರೆ ಪ್ರಾಣ. ಹೆಸರು ಬರೆದ ಟೀ ಶರ್ಟ್ ಬೇಕು ಅಂತ ಹಟ ಮಾಡಿ ತರಿಸಿಕೊಂಡಿದ್ದ. ಒಂದೇ ವರ್ಷಕ್ಕೆ ಪೆರಿ ಕೆಂಟಕಿ ಬಿಟ್ಟು ಮಿಸಿಸಿಪಿಗೆ ಹೋದ. ಆಡಲು ಜಾಸ್ತಿ ಹೊತ್ತು ಸಿಗುವ ಕಡೆ ಹೋದ, ಅದರಲ್ಲೇನು ತಪ್ಪು ಅಂದೆ. ಮಗ ಟೀ ಶರ್ಟನ್ನು ರಾತ್ರಿ ಮಲಗುವಾಗ ಮಾತ್ರ ಹಾಕಿಕೊಳ್ಳಲು ಶುರು ಮಾಡಿದ.

ಒಂದು ದಿನ ಊಟಕ್ಕೆ ಕೂತಾಗ ಅವನಿಗೆ ಕರುಣ್ ನಾಯರ್ ಕಥೆ ಹೇಳಿದೆ. ಟೆಸ್ಟಿನಲ್ಲಿ 303 ಹೊಡೆದವನು ಕರ್ನಾಟಕ ತಂಡದಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋದದ್ದು. 2024–25ರಲ್ಲಿ 863 ರನ್ ಹೊಡೆದು ಅವರಿಗೆ ರಣಜಿ ಗೆಲ್ಲಿಸಿದ್ದು. ಅದೇ ಸೀಸನ್ನಿನ ವಿಜಯ್ ಹಜಾರೆ ಫೈನಲ್ಲಿನಲ್ಲಿ ವಿದರ್ಭದ ಕ್ಯಾಪ್ಟನ್ನಾಗಿ ಕರ್ನಾಟಕದ ಎದುರೇ ಆಡಿ ಸೋತದ್ದು.

"ನೀನು ಯಾರ ಕಡೆ ಇದ್ದೆ ಅಪ್ಪ?" ಅಂತ ಕೇಳಿದ.

ಕರ್ನಾಟಕ ಗೆಲ್ಲಲಿ, ಕರುಣ್ ಸೆಂಚುರಿ ಹೊಡೆಯಲಿ ಅಂತ ಇತ್ತು ಅಂದೆ. ಅವನಿಗೆ ಅದು ಸಮಾಧಾನ ಆಗಲಿಲ್ಲ. ಆಮೇಲೆ ಏನಾಯಿತು ಅಂತ ಕೇಳಿದ. ಈಗ ವಾಪಸ್ ಕರ್ನಾಟಕಕ್ಕೇ ಬಂದಿದ್ದಾನೆ ಅಂದೆ.

ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಎಷ್ಟು ವರ್ಷ ಆದಮೇಲೆ ಅಂತ ಕೇಳಿದ. ಎರಡು ಅಂದೆ. ಮರುದಿನ ಬಟ್ಟೆ ಒಗೆಯುವಾಗ ನೋಡಿದೆ, ಆ ಟೀ ಶರ್ಟ್ ರಾತ್ರಿ ಬಟ್ಟೆಯ ರಾಶಿಯಲ್ಲಿ ಇರಲಿಲ್ಲ. ಮಡಚಿ ಡ್ರಾಯರಿನ ತಳದಲ್ಲಿ ಇಟ್ಟಿದ್ದ.