ಶಾಲು ಎಂತಕ್ಕೆ ಮಾರಾಯ

ಮೊನ್ನೆ ಆದಿತ್ಯವಾರ ನಮ್ಮೂರ ಕ್ಲಬ್ಬಿನ ವಾರ್ಷಿಕೋತ್ಸವದ ಮೀಟಿಂಗ್ ಇತ್ತು. ನಮ್ಮೂರು ಅಂದ್ರೆ ಕಾಸರಗೋಡಿನ ಎಣ್ಮಕಜೆ ಪಂಚಾಯತು, ಪೆರ್ಲದಿಂದ ಒಳಗೆ. ಯಾವತ್ತಿನ ಹಾಗೆ ಸನ್ಮಾನ ಯಾರಿಗೆ ಅಂತ ಚರ್ಚೆ. ಮೈಕ್ ಸೆಟ್ಟಿಗೆ ದುಡ್ಡು ಕೊಟ್ಟ ಗಲ್ಫಿನವರು ಒಬ್ರು, ಫುಲ್ ಎ ಪ್ಲಸ್ ತೆಗೆದ ಹುಡುಗಿ ಒಬ್ಳು, ರಿಟೈರ್ಡ್ ಮಾಷ್ಟ್ರು ಒಬ್ರು. ನಾನು ಬಾಯಿ ಮುಚ್ಚಿ ಕೂರ್ಲಿಕ್ಕಾಗದೆ, ಈ ಸಲ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ವಿರುದ್ಧದ ಹೋರಾಟದ ಒಬ್ರು ಅಮ್ಮನನ್ನು ಕರೆಯುವಾ, ತಿರುವನಂತಪುರದಲ್ಲಿ ಸೆಕ್ರೆಟೇರಿಯಟ್ ಎದುರು ಕೂತು ಬಂದವ್ರು ನಮ್ಮ ವಾರ್ಡಲ್ಲೇ ಇದ್ದಾರಲ್ಲ ಅಂದೆ. ಒಂದು ಗಳಿಗೆ ಫ್ಯಾನಿನ ಸದ್ದು ಮಾತ್ರ. ಆಮೇಲೆ ಒಬ್ರು ಚಾಯ ಗ್ಲಾಸು ಕೆಳಗಿಟ್ಟು, "ಬೇಡ ಮಾರಾಯ, ಅದು ಸ್ವಲ್ಪ ಪೊಲಿಟಿಕಲ್ ಆಗ್ತದೆ" ಅಂದ್ರು.

ಆ ಶಬ್ದ ಮಂಡೆಯಿಂದ ಹೋಗ್ತಾ ಇಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಘಟ್ಟದ ಮೇಲಿನ ಫ್ರೆಂಡ್ಸಿಗೆ ಗೊತ್ತಿರ್ಲಿಕ್ಕಿಲ್ಲ. ಇಲ್ಲಿ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚುಂಟು, ಗುಡ್ಡೆ ಗುಡ್ಡೆಯೇ ಅವರದ್ದು. ಗೇರಿನ ಚಿಗುರಿಗೆ ಬೀಳುವ ಟೀ ಸೊಳ್ಳೆ ಅನ್ನುವ ಕೀಟ ಕೊಲ್ಲಲಿಕ್ಕೆ ಅಂತ 70ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಲ್ಲಿ ಈ ಎಂಡೋಸಲ್ಫಾನ್ ಮದ್ದು ಬಿಟ್ರು, ವರ್ಷಕ್ಕೆ ಎರಡು ಮೂರು ಸಲ. ಬಾವಿ ಮುಚ್ಚಿ ಅಂತ ಹೇಳ್ತಿದ್ರು. ನಮ್ದು ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು, ತೋಡಿನ (ಸಣ್ಣ ಹಳ್ಳದ) ನೀರು ಕುಡಿಯುವ ಊರು, ತೋಡನ್ನು ಎಂತದರಲ್ಲಿ ಮುಚ್ಚೋದು? ನಾವು ಮಕ್ಕಳು ಹೆಲಿಕಾಪ್ಟರ್ ಸದ್ದು ಕೇಳಿದ ಕೂಡ್ಲೆ ಅಂಗಳಕ್ಕೆ ಓಡ್ತಿದ್ದೆವು, ಕೈ ಬೀಸ್ತಿದ್ದೆವು. ಈಗ ನೆನಪಾದ್ರೆ ಹೊಟ್ಟೆ ತೊಳಸ್ತದೆ.

ಧೈರ್ಯವಂತರು ಅಂದ್ರೆ ನಮ್ಗೆ ಕಣ್ಣೆದುರು ಬರೋದು ಮೈಕ್ ಹಿಡ್ದು ಗರ್ಜಿಸುವವರು. ಇಲ್ಲಿ ಶುರು ಮಾಡಿದವರು ಹಾಗಿರ್ಲಿಲ್ಲ. ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಹತ್ರ ಬರೋ ರೋಗಿಗಳ ಮನೆ ಎಲ್ಲೆಲ್ಲಿ ಉಂಟು ಅಂತ ಗಮನಿಸಿದ್ರು, ಸ್ವರ್ಗ, ಪಡ್ರೆಯ ಆ ತೋಡಿನ ಬದಿಯ ಮನೆಗಳಲ್ಲೇ ಯಾಕೆ ಇಷ್ಟು ಕಾಯಿಲೆ ಅಂತ ಕೇಳಿದ್ರು, ಬರೆದ್ರು. (ಹೌದು, ಊರಿನ ಹೆಸರೇ ಸ್ವರ್ಗ. ಅದರ ಮೇಲೆ ಎಲ್ಲ ಪೇಪರಿನವ್ರೂ ಹೆಡ್ಡಿಂಗ್ ಮಾಡಿ ಮುಗಿಸಿದ್ದಾರೆ, ನಾನು ಮಾಡೋದಿಲ್ಲ.) ಪತ್ರಕರ್ತ ಶ್ರೀ ಪಡ್ರೆಯವರು ಅದಕ್ಕೂ ಎಷ್ಟೋ ಮೊದ್ಲೇ, 80ರ ದಶಕದ ಶುರುವಿನಲ್ಲಿ, ಊರಲ್ಲಿ ಹುಟ್ಟುತ್ತಿದ್ದ ಕಾಲು ಸೊಟ್ಟಗಿನ ಕರುಗಳ ಬಗ್ಗೆ ಬರೆದಿದ್ರು. ಆಗ ಯಾರಿಗೆ ಬೇಕಿತ್ತು.

ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಗುಂಡಿಗೆ ಪೆರಿಯದ ಲೀಲಾಕುಮಾರಿ ಅಮ್ಮನದ್ದು. ಅವ್ರು ಆಗ ಕೃಷಿ ಇಲಾಖೆಯ ಉದ್ಯೋಗಿ, ಅಂದ್ರೆ ಸ್ವತಃ ಸರ್ಕಾರದ ಸಂಬಳ ತಿನ್ನುತ್ತಿದ್ದವರು. ಅಂಥವರು ಸರ್ಕಾರದ್ದೇ ಕಾರ್ಪೊರೇಶನ್ ಮೇಲೆ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದ್ರು (ಹೊಸದುರ್ಗ ಅಂದ್ರೆ ನಮ್ಮ ಕಾಞಂಗಾಡು, ಚಿತ್ರದುರ್ಗದ್ದಲ್ಲ). 1998ರಲ್ಲಿ ಆ ಸಣ್ಣ ಕೋರ್ಟು ಮದ್ದು ಬಿಡೋದಕ್ಕೆ ತಡೆ ಕೊಟ್ಟಿತು. 2011ರ ಏಪ್ರಿಲಲ್ಲಿ ಜಿನೇವಾದಲ್ಲಿ ದೇಶ ದೇಶದವರು ಸೇರಿ ಎಂಡೋಸಲ್ಫಾನ್ ನಿಲ್ಲಿಸ್ಲಿಕ್ಕೆ ಒಪ್ಪಿದ್ದು, ಮರು ತಿಂಗಳು ನಮ್ಮ ಸುಪ್ರೀಂ ಕೋರ್ಟು ನಿಷೇಧ ಹಾಕಿದ್ದು ಎಲ್ಲ ದೊಡ್ಡ ಸುದ್ದಿ ಆಯ್ತು. ಅದಕ್ಕೆ 13 ವರ್ಷ ಮೊದಲು ಕೈಯಲ್ಲೊಂದು ಫೈಲ್ ಹಿಡ್ಕೊಂಡು ಕೋರ್ಟ್ ಮೆಟ್ಟಿಲು ಹತ್ತಿದ ಹೆಂಗಸಿನ ಫೋಟೋ ನಮ್ಮ ಯಾವ ಶಾಲೆಯ ಗೋಡೆಯಲ್ಲೂ ನಾನಂತೂ ನೋಡ್ಲಿಲ್ಲ.

ಮತ್ತೆ ಈ ಅಮ್ಮಂದಿರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ಪರಿಹಾರ ಮೂರು ತಿಂಗಳಲ್ಲಿ ಕೊಡಿ ಅಂತ ಹೇಳಿತ್ತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಜನರಲ್ಲಿ ಸಿಕ್ಕಿದ್ದು ಎಂಟು ಜನಕ್ಕೆ, ಅದೂ ಮತ್ತೆ ಕೋರ್ಟಿಗೆ ಹೋದ ಎಂಟು ಜನಕ್ಕೆ! ಕೋರ್ಟು ಬೈದ ಮೇಲೆಯೇ ಉಳಿದವರ ದುಡ್ಡು ಹೊರಟದ್ದು. ಇದರ ಮಧ್ಯೆ 2019ರಲ್ಲಿ ಇವ್ರು ಮಕ್ಕಳನ್ನೂ ಕರ್ಕೊಂಡು ರಾತ್ರಿ ಇಡೀ ರೈಲಲ್ಲಿ ಕೂತು ರಾಜ್ಯದ ಆ ತುದಿಗೆ ಹೋಗಿ ಉಪವಾಸ ಕೂತ್ರು, ಸಮಾಜಸೇವಕಿ ದಯಾಬಾಯಿ ಜೊತೆಗಿದ್ರು, 2022ರಲ್ಲಿ ಎಂಬತ್ತು ದಾಟಿದ ಆ ದಯಾಬಾಯಿ ಪುನಃ ಉಪವಾಸ ಕೂತ್ರು. ಇದಕ್ಕೆ ಪೊಲಿಟಿಕಲ್ ಅಂತ ಹೆಸರಾದ್ರೆ ಹೌದು, ಪೊಲಿಟಿಕಲ್ಲೇ, ಅದ್ರಲ್ಲಿ ನಾಚಿಕೆ ಪಡ್ಲಿಕ್ಕೆ ಎಂತ ಉಂಟು?

ಕಮೆಂಟಲ್ಲಿ ಕೆಲವ್ರು ಬರ್ತಾರೆ ಗೊತ್ತುಂಟು, ಕಾಯಿಲೆ ಎಲ್ಲ ಎಂಡೋಸಲ್ಫಾನಿಂದಲೇ ಅಂತ ಪ್ರೂಫ್ ಎಲ್ಲಿ ಅಂತ. ವಾದ ಮಾಡಿ, ನನ್ನ ಅಡ್ಡಿ ಇಲ್ಲ. ಪಡ್ರೆಯ ಮಕ್ಕಳನ್ನು ಮದ್ದು ಬೀಳದ ಮೀಂಜ ಊರಿನ ಮಕ್ಕಳ ಜೊತೆ ಹೋಲಿಸಿ ಕೇಂದ್ರದ ಸಂಸ್ಥೆಯೇ ಸ್ಟಡಿ ಮಾಡಿತ್ತು, ಅದನ್ನೊಮ್ಮೆ ಓದಿ ಬನ್ನಿ. ವಾದ ಮುಗಿಯುವವರೆಗೆ ಮಲಗಿದಲ್ಲೇ ಇರುವ ಹುಡುಗನ ಡಯಾಪರ್ ಕಾಯ್ತದಾ?

ಮೀಟಿಂಗ್ ಮುಗ್ದ ಮೇಲೆ, ಸನ್ಮಾನಕ್ಕೆ ನಾನು ಹೇಳಿದ ಆ ಅಮ್ಮನ ಮನೆಗೇ ಹೋದೆ, ನಾನು ಅಕ್ಕ ಅಂತ ಕರೆಯೋದು. ಮಗನಿಗೆ ಗಂಜಿ ಕೊಡ್ತಾ ಇದ್ರು, ಹುಡುಗ ಏನಲ್ಲ, ಮೂವತ್ತು ದಾಟಿದೆ, ಆದ್ರೂ ಮಗು. ಅಕ್ಕಾ, ಕ್ಲಬ್ಬಿನಲ್ಲಿ ನಿಮ್ಗೆ ಸನ್ಮಾನ ಮಾಡ್ಬೇಕೂಂತ ನನ್ನ ಆಸೆ ಅಂದೆ. ಪೊಲಿಟಿಕಲ್ ಕಥೆ ಹೇಳ್ಲಿಲ್ಲ. ಅವ್ರು ನೆಗಾಡಿದ್ರು.

"ಶಾಲು ಎಂತಕ್ಕೆ ಮಾರಾಯ ನಂಗೆ, ಪೆಟ್ಟಿಗೆಯಲ್ಲಿ ನಾಲ್ಕುಂಟು. ಆ ರಾತ್ರಿ ಇವನ ಹತ್ರ ಕೂರುವವರು ಯಾರು, ನೀನು ಕೂರ್ತೀಯಾ?"

ಕೂರ್ತೇನೆ ಅಂತ ಕೂಡ್ಲೆ ಬಾಯಿಗೆ ಬರ್ಲಿಲ್ಲ ನೋಡಿ. ಸತ್ಯ ಬರೀತಿದ್ದೇನೆ.

ಅವ್ರು ಒಳಗೆ ಹೋಗಿ ಒಂದು ಕಾಗದ ತಂದ್ರು. ಆಫೀಸಿಂದ ಬಂದದ್ದು, ಪೂರ್ತಿ ಮಲಯಾಳದಲ್ಲಿ. ನಮ್ಮ ಕಡೆಯ ಕನ್ನಡದವರಿಗೆ ಕನ್ನಡದಲ್ಲೇ ಕಾಗದ ಬರ್ಬೇಕು ಅಂತ ಕೇಳೋದು ಇನ್ನೊಂದು ದೊಡ್ಡ ಪುರಾಣ, ಅದನ್ನು ಬೇರೆ ದಿನ ಬರೀತೇನೆ. ಮಾತಾಡ್ಲಿಕ್ಕೆ ಅಕ್ಕನಿಗೆ ಮಲಯಾಳ ಸಾಕಷ್ಟು ಬರ್ತದೆ, ಉಪವಾಸಕ್ಕೆ ಕೂತಲ್ಲೇ ಕಲ್ತದ್ದಂತೆ, ಓದ್ಲಿಕ್ಕೆ ಆಗೋದಿಲ್ಲ. ಚಿಟ್ಟೆಯಲ್ಲಿ (ಜಗಲಿಯಲ್ಲಿ) ಕೂತು ಓದಿ ಹೇಳಿದೆ, ಎರಡು ಸರ್ಟಿಫಿಕೇಟಿನ ಕಾಪಿ ಬೇಕಂತೆ, ಮೊದ್ಲೇ ಮೂರು ಸಲ ಕೊಟ್ಟದ್ದೇ. ಝೆರಾಕ್ಸ್ ಮಾಡಿಸ್ಲಿಕ್ಕೆ ನಾಳೆ ಪೆರ್ಲಕ್ಕೆ ಹೋಗ್ತಿದ್ದೇನೆ. ವಾರ್ಷಿಕೋತ್ಸವ ಶನಿವಾರ ರಾತ್ರಿ, ಅಕ್ಕ ಸ್ಟೇಜಿಗೆ ಹತ್ತಲಿ ಬಿಡ್ಲಿ, ಆ ಹೊತ್ತಿಗೆ ನಾನು ಅವರ ಮನೆಯಲ್ಲಿರ್ತೇನೆ ಅಂತ ಕ್ಲಬ್ಬಿನ ಗ್ರೂಪಿಗೆ ಮೆಸೇಜ್ ಹಾಕಿದ್ದೇನೆ. ಇಲ್ಲಿವರೆಗೆ ಎರಡು ಥಂಬ್ಸ್ ಅಪ್ ಬಂದಿದೆ, ಒಂದು ನನ್ನ ಹೆಂಡ್ತಿದ್ದು.