‘ದಿ ಶೈನಿಂಗ್’ ಕಿರುಸರಣಿ ಸಿನಿಮಾದ ಮರುನಿರ್ಮಾಣವಲ್ಲ

1997ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಮೂರು ಕಂತುಗಳಾಗಿ ಪ್ರಸಾರವಾದ ‘ದಿ ಶೈನಿಂಗ್’ ಕಿರುಸರಣಿಯು ಸ್ಟ್ಯಾನ್ಲಿ ಕುಬ್ರಿಕ್ ಅವರ 1980ರ ಚಲನಚಿತ್ರದ ಮರುನಿರ್ಮಾಣವೆಂದೂ, ಎರಡನ್ನೂ ಕೊಲರಾಡೊದ ಒಂದೇ ಹೋಟೆಲಿನಲ್ಲಿ ಚಿತ್ರೀಕರಿಸಲಾಯಿತೆಂದೂ ಹೇಳುವ ಮಾತು ಹರಿದಾಡುತ್ತಿದೆ. ಇವೆರಡೂ ತಪ್ಪು.

ಸರಣಿಯ ಚಿತ್ರಕಥೆಯನ್ನು ಸ್ಟೀಫನ್ ಕಿಂಗ್ ಅವರೇ ತಮ್ಮ 1977ರ ಕಾದಂಬರಿಯಿಂದ ನೇರವಾಗಿ ರೂಪಿಸಿದರು. ನಿರ್ದೇಶಿಸಿದವರು ಮಿಕ್ ಗ್ಯಾರಿಸ್. ಕುಬ್ರಿಕ್ ತಮ್ಮ ಕಥೆಯನ್ನು ನಿರ್ವಹಿಸಿದ ರೀತಿಯ ಬಗ್ಗೆ ಕಿಂಗ್ ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡಿದ್ದರಾದ್ದರಿಂದ, ಸರಣಿಯನ್ನು ಆ ಚಿತ್ರಕ್ಕೆ ಕೊಟ್ಟ ಉತ್ತರವೆಂದರೆ ಒಪ್ಪಬಹುದೇ ಹೊರತು ಅದರ ನಕಲು ಎನ್ನಲಾಗದು. ಚಿತ್ರದಲ್ಲಿ, ಚಳಿಗಾಲದಲ್ಲಿ ಮುಚ್ಚಿದ ಹೋಟೆಲನ್ನು ನೋಡಿಕೊಳ್ಳಲು ಬಂದ ಜ್ಯಾಕ್ ಟೊರೆನ್ಸ್ ಕೊನೆಗೆ ಕೊಡಲಿ ಹಿಡಿದು ಗಿಡಬೇಲಿಯ ಚಕ್ರವ್ಯೂಹದಲ್ಲಿ ದಾರಿ ತಪ್ಪಿ, ಚಳಿಗೆ ಮರಗಟ್ಟಿ ಸಾಯುತ್ತಾನೆ. ಕಾದಂಬರಿಯಲ್ಲಿ ಆ ಚಕ್ರವ್ಯೂಹವೇ ಇಲ್ಲ. ಅಲ್ಲಿರುವುದು ಪ್ರಾಣಿಗಳ ಆಕಾರದಲ್ಲಿ ಕತ್ತರಿಸಿದ, ಆಮೇಲೆ ಜೀವ ತಳೆಯುವ ಪೊದೆಗಳು. ಜ್ಯಾಕ್‌ನ ಕೈಯಲ್ಲಿರುವುದು ಮರದ ಸುತ್ತಿಗೆ, ಹೋಟೆಲು ನಾಶವಾಗುವುದು ಬಾಯ್ಲರ್ ಸ್ಫೋಟದಿಂದ. ಸರಣಿ ಈ ಮೂರನ್ನೂ ಉಳಿಸಿಕೊಂಡಿದೆ. (ಗಣಕದಲ್ಲಿ ಮೂಡಿಸಿದ ಆ ಪೊದೆಪ್ರಾಣಿಗಳು ಇಂದು ಹೆದರಿಸುವುದಕ್ಕಿಂತ ನಗಿಸುವುದೇ ಹೆಚ್ಚು ಎಂಬುದನ್ನು ಒಪ್ಪಲೇಬೇಕು.)

ಇನ್ನು ಸ್ಥಳದ ವಿಚಾರ. ಕುಬ್ರಿಕ್ ಚಿತ್ರದ ಒಳಾಂಗಣವನ್ನು ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ನಿರ್ಮಿಸಲಾಗಿತ್ತು. ದೂರದಿಂದ ಕಾಣುವ ಕಟ್ಟಡ ಆರಿಗನ್ ರಾಜ್ಯದ ಟಿಂಬರ್‌ಲೈನ್ ಲಾಡ್ಜ್. ಕಿಂಗ್ 1974ರಲ್ಲಿ ತಂಗಿದ್ದು ಕಾದಂಬರಿಗೆ ಪ್ರೇರಣೆ ಪಡೆದ, ಕೊಲರಾಡೊದ ಎಸ್ಟೆಸ್ ಪಾರ್ಕ್‌ನ ಸ್ಟ್ಯಾನ್ಲಿ ಹೋಟೆಲಿನಲ್ಲಿ ಚಿತ್ರೀಕರಣಗೊಂಡದ್ದು ಕಿರುಸರಣಿ ಮಾತ್ರ. ಹೋಟೆಲಿನ ಹೆಸರೂ ಚಿತ್ರದ ನಿರ್ದೇಶಕ ಕುಬ್ರಿಕ್ ಅವರ ಮೊದಲ ಹೆಸರೂ ಒಂದೇ ಆಗಿರುವುದು ಕೇವಲ ಕಾಕತಾಳೀಯ.